ಸಕ್ಕರೆಯ ಸುರುಳಿಯೂ ಒಂದು ಗಾಜು

ಮಕ್ಕಳೇ, ಜಾತ್ರೆಯಲ್ಲಿ ಉದ್ದನೆಯ ಬಿದಿರುಕೋಲು ಹೊತ್ತು ಬರುವ ಮಿಠಾಯಿಯವನನ್ನು ನೋಡಿದ್ದೀರಾ? ಕೋಲಿನ ತುದಿಯಲ್ಲೊಂದು ಬೊಂಬೆ, ಅದರ ಕೆಳಗೆ ಗುಲಾಬಿ ಮತ್ತು ಬಿಳಿ ಪಟ್ಟೆಗಳ ಮಿಠಾಯಿಯ ಮುದ್ದೆ. ಆತ ಅದರಿಂದ ಎಳೆ ತೆಗೆದು, ತಿರುಚಿ, ನೋಡನೋಡುತ್ತಿದ್ದಂತೆ ಕೈಗಡಿಯಾರ, ನವಿಲು, ಸೈಕಲ್ಲು ಮಾಡಿಕೊಡುತ್ತಾನೆ. ಈಗ ಇಂಥವರು ಅಪರೂಪವಾಗಿದ್ದಾರೆ. ಆದರೆ ಅದೇ ವಿದ್ಯೆ ಪಟ್ಟಣದ ಬೇಕರಿಗಳಲ್ಲಿ ಇನ್ನೊಂದು ರೂಪದಲ್ಲಿದೆ. ಹುಟ್ಟುಹಬ್ಬದ ಕೇಕಿನ ಮೇಲೆ ಸ್ಪ್ರಿಂಗಿನಂತೆ ನಿಂತಿರುವ ಬಣ್ಣದ ಸುರುಳಿಗಳೂ ಸಕ್ಕರೆ ಪಾಕದವೇ.

ಬಿಸಿಯಿರುವಾಗ ದಾರದಂತೆ ಬಾಗುವ ಈ ಪಾಕ, ಆರಿದ ಮೇಲೆ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಏಕೆ ಹೀಗೆ?

ಮೊದಲು ಪಾಕದ ವಿಚಾರ. ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಓದಿದ್ದೀರಿ. ಸಕ್ಕರೆ ಕರಗಿದ ನೀರು ಹಾಗಲ್ಲ. ಕುದಿಯುತ್ತಾ ನೀರು ಆವಿಯಾದಂತೆ ಪಾಕದಲ್ಲಿ ಸಕ್ಕರೆಯ ಪಾಲು ಹೆಚ್ಚುತ್ತದೆ, ಜೊತೆಗೆ ಕುದಿಯುವ ಉಷ್ಣತೆಯೂ ಏರುತ್ತದೆ. ಅಮ್ಮ ಬೆರಳುಗಳ ನಡುವೆ ಪಾಕ ಹಿಡಿದು ‘ಒಂದೆಳೆ ಬಂತು’ ಎನ್ನುವಾಗ ಅದರ ಉಷ್ಣತೆ ಸುಮಾರು 105 ಡಿಗ್ರಿ. ಮತ್ತೂ ಕುದಿಸಿ 150 ಡಿಗ್ರಿಯ ಹತ್ತಿರ ತಂದರೆ ನೀರು ಬಹುತೇಕ ಹೋಗಿರುತ್ತದೆ. ಆಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ‘ಟಿಕ್’ ಎಂದು ಮುರಿಯುವಷ್ಟು ಗಟ್ಟಿಯಾಗುತ್ತದೆ. ಕೇಕಿನ ಸುರುಳಿಗೆ ಬೇಕಾದದ್ದು ಈ ಪಾಕ. ಥರ್ಮಾಮೀಟರ್ ಇಲ್ಲದ ಕಾಲದಲ್ಲೂ ನಮ್ಮ ಅಜ್ಜಿಯರು ಎಳೆ ನೋಡಿ, ಉಂಡೆ ಕಟ್ಟಿ ನೋಡಿ ಉಷ್ಣತೆಯನ್ನು ಅಳೆಯುತ್ತಿದ್ದರು!

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಕ್ಕರೆಯ ಒಂದು ಹರಳಿನೊಳಗೆ ಅಣುಗಳು ಪ್ರಾರ್ಥನೆಗೆ ನಿಂತ ನಿಮ್ಮ ಹಾಗೆ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಇದನ್ನು ಸ್ಫಟಿಕ ಎನ್ನುತ್ತೇವೆ. ಬಿಸಿ ಪಾಕದಲ್ಲಿ ಸಾಲುಗಳಿಲ್ಲ, ಅಣುಗಳು ಅತ್ತಿತ್ತ ಓಡಾಡುತ್ತಿರುತ್ತವೆ. ಪಾಕ ಬೇಗ ಆರಿದರೆ ಅಣುಗಳಿಗೆ ಸಾಲು ಕಟ್ಟಲು ಸಮಯವೇ ಸಿಗುವುದಿಲ್ಲ. ಇದ್ದಲ್ಲೇ, ಇದ್ದ ಹಾಗೆಯೇ ಸ್ತಬ್ಧವಾಗುತ್ತವೆ. ಹೀಗೆ ಸಾಲಿಲ್ಲದೆ ಗಟ್ಟಿಯಾದ ವಸ್ತುವಿಗೆ ವಿಜ್ಞಾನದಲ್ಲಿ ಗಾಜು ಎಂದೇ ಹೆಸರು. ಕಿಟಕಿಯ ಗಾಜು ಮರಳಿನಿಂದ ಆದದ್ದು, ಇದು ಸಕ್ಕರೆಯಿಂದ ಆದದ್ದು. ಎರಡೂ ಬಿಸಿಯಲ್ಲಿ ಬಾಗುತ್ತವೆ, ತಣ್ಣಗಾದಾಗ ಒಡೆಯುತ್ತವೆ. ಜಾತ್ರೆಯ ಮಿಠಾಯಿಯಲ್ಲಿ ನೀರಿನಂಶ ಸ್ವಲ್ಪ ಹೆಚ್ಚು ಉಳಿದಿರುವುದರಿಂದ ಅದು ಬಿಸಿಯಿಲ್ಲದೆಯೂ ಬಾಗುತ್ತದೆ.

ಸಂಕ್ರಾಂತಿಯ ಸಕ್ಕರೆ ಅಚ್ಚು ಇದಕ್ಕೆ ತದ್ವಿರುದ್ಧ. ಅಲ್ಲಿ ಪಾಕವನ್ನು ಸೌಟಿನಿಂದ ಬೇಕೆಂದೇ ತಿಕ್ಕುತ್ತಾರೆ. ಪಾಕ ಮಬ್ಬಾಗುತ್ತದೆ, ಅಂದರೆ ಸಣ್ಣ ಸಣ್ಣ ಹರಳುಗಳು ಹುಟ್ಟುತ್ತವೆ. ಮರದ ಅಚ್ಚಿಗೆ ಸುರಿದಾಗ ಅವು ಒಂದಕ್ಕೊಂದು ಅಂಟಿ ಬೆಳ್ಳಗಿನ ಆನೆಯೋ ಬೃಂದಾವನವೋ ಆಗುತ್ತದೆ.

ಒಮ್ಮೆ ಒಂದು ಶಾಲೆಯಲ್ಲಿ ಈ ಸುರುಳಿ ಮಾಡಿ ತೋರಿಸಲು ಹೋಗಿ ನಾನು ನಗೆಪಾಟಲಾದೆ. ಪಾಕ ಹದಕ್ಕೆ ಬಂದಿತ್ತು. ಮಾತಿನ ಭರದಲ್ಲಿ ಚಮಚ ಆಡಿಸಿಬಿಟ್ಟೆ. ಪಾತ್ರೆಯ ಅಂಚಿಗೆ ಅಂಟಿದ್ದ ನಾಲ್ಕು ಹರಳು ಒಳಗೆ ಬಿದ್ದವು, ಅಷ್ಟೆ! ಇಡೀ ಪಾಕ ಮತ್ತೆ ಸಕ್ಕರೆಯಾಯಿತು. ‘ಸಾರ್, ಇದು ಅಂಗಡಿಯಲ್ಲೇ ಸಿಗುತ್ತಿತ್ತಲ್ಲಾ’ ಎಂದಳು ಆರನೆಯ ತರಗತಿಯ ಹುಡುಗಿ. ನಾನು ಮರೆತದ್ದು ನಿಂಬೆರಸ. ಅದರ ಆಮ್ಲವು ಸಕ್ಕರೆಯ ಕೆಲವು ಅಣುಗಳನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಅಣುಗಳಾಗಿ ಒಡೆಯುತ್ತದೆ. ಬೇರೆ ಆಕಾರದ ಇವು ನಡುವೆ ನುಗ್ಗಿದರೆ ಸಾಲು ಕಟ್ಟುವುದು ಕಷ್ಟ. ಅಡುಗೆಯವರು ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಇದಕ್ಕೇ.

ಹದವಾದ ಪಾಕವನ್ನು ತುಪ್ಪ ಸವರಿದ ತಟ್ಟೆಗೆ ಸುರಿದು, ಸ್ವಲ್ಪ ಆರಿದ ಮೇಲೆ ಎಳೆದು ಮಡಿಸಿ, ಮತ್ತೆ ಎಳೆದು ಮಡಿಸುತ್ತಾರೆ. ಪ್ರತಿ ಮಡಿಕೆಯಲ್ಲೂ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಸಣ್ಣ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ, ಕನ್ನಡಕದ ಗಾಜಿನಂತಿದ್ದ ಪಾಕ ರೇಷ್ಮೆಯಂತೆ ಹೊಳೆಯತೊಡಗುತ್ತದೆ. ಅದರಿಂದ ತೆಗೆದ ಎಳೆಯನ್ನು ಎಣ್ಣೆ ಸವರಿದ ಚಮಚದ ಹಿಡಿಗೆ ಸುತ್ತಿ, ಗಟ್ಟಿಯಾದೊಡನೆ ಜಾರಿಸಿ ತೆಗೆದರೆ ಸುರುಳಿ ಸಿದ್ಧ.

ಇದನ್ನು ನೀವು ಮಾಡಬೇಡಿ. ದೊಡ್ಡವರು ಮಾಡುವಾಗ ದೂರ ನಿಂತು ನೋಡಿ. ಈ ಪಾಕ ಕುದಿಯುವ ನೀರಿಗಿಂತ ಸುಮಾರು 50 ಡಿಗ್ರಿ ಹೆಚ್ಚು ಬಿಸಿ. ನೀರಿನ ಹಾಗೆ ಹರಿದುಹೋಗದೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಅಕಸ್ಮಾತ್ ಬಿದ್ದರೆ ಕೂಡಲೇ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು, ಆಮೇಲೆ ವೈದ್ಯರಿಗೆ ತೋರಿಸಬೇಕು. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ.

ಇನ್ನು ಬಣ್ಣ. ರೊಡಮೈನ್-ಬಿ ಎಂಬ ಕಡು ಗುಲಾಬಿ ಬಣ್ಣ ಬಟ್ಟೆ, ಕಾಗದಗಳಿಗೆ ಹಾಕುವಂಥದ್ದು. ಆಹಾರದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಆದರೂ ಅಗ್ಗ ಮತ್ತು ಚಿಟಿಕೆಯಷ್ಟೇ ಸಾಕು ಎಂಬ ಕಾರಣಕ್ಕೆ ಕೆಲವರು ಮಿಠಾಯಿಗೆ ಹಾಕುತ್ತಿದ್ದರು. ಕರ್ನಾಟಕದಲ್ಲಿ ಪರೀಕ್ಷಿಸಿದ ಹತ್ತಿಮಿಠಾಯಿಯ ಮಾದರಿಗಳಲ್ಲಿ ಇದು ಸಿಕ್ಕಿದ್ದರಿಂದ 2024ರ ಮಾರ್ಚ್‌ನಲ್ಲಿ ಸರ್ಕಾರ ಬಣ್ಣದ ಹತ್ತಿಮಿಠಾಯಿಯನ್ನು ನಿಷೇಧಿಸಿತು. ಬಣ್ಣವಿಲ್ಲದ ಬಿಳಿಯದಕ್ಕೆ ಅಡ್ಡಿಯಿಲ್ಲ. ಕಣ್ಣು ಕುಕ್ಕುವ ಗುಲಾಬಿ ಮಿಠಾಯಿ ತಿಂದು ನಾಲಗೆ ಗಂಟೆಗಟ್ಟಲೆ ಕೆಂಪಾಗಿದ್ದರೆ ನಾನಂತೂ ಇನ್ನೊಂದು ಕೊಳ್ಳುವುದಿಲ್ಲ.

ಮನೆಯಲ್ಲಿ ಹಳದಿಗೆ ಅರಿಸಿನ, ಕೆಂಪಿಗೆ ಬೀಟ್‌ರೂಟ್ ಆಗಬಹುದು. ಆದರೆ ಬೀಟ್‌ರೂಟಿನ ಬಣ್ಣ ಬಿಸಿಗೆ ಹಾಳಾಗುತ್ತದೆ. ಪಾಕದ ಜೊತೆ ಮೊದಲಿನಿಂದಲೇ ಕುದಿಸಿದರೆ ಕೊನೆಗೆ ಕಂದು ಉಳಿಯುತ್ತದೆ. ಗಟ್ಟಿಯಾಗಿ ಬತ್ತಿಸಿದ ರಸವನ್ನು ಕೊನೆಯಲ್ಲಿ ಕೆಲವೇ ಹನಿ ಸೇರಿಸಬೇಕು. ಆಗಲೂ ಪಾಕ ಭುಸ್ ಎಂದು ಉಕ್ಕುತ್ತದೆ, ಏಕೆಂದರೆ ಆ ರಸದ ನೀರು 100 ಡಿಗ್ರಿ ದಾಟಿದ ಪಾಕದಲ್ಲಿ ತಕ್ಷಣ ಆವಿಯಾಗುತ್ತದೆ.

ನೀವು ಮಾಡಬಹುದಾದದ್ದು ಒಂದಿದೆ, ಒಲೆ ಬೇಡ. ಪಾರದರ್ಶಕವಾದ ಎರಡು ಗಟ್ಟಿ ಪೆಪ್ಪರಮೆಂಟು ತೆಗೆದುಕೊಳ್ಳಿ. ಒಂದನ್ನು ಹಾಳೆ ಬಿಚ್ಚಿ ಇರುವೆ ಬಾರದ ಹಾಗೆ ತಟ್ಟೆಯ ಮೇಲಿಡಿ, ಇನ್ನೊಂದನ್ನೂ ಬಿಚ್ಚಿ ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಡಿ. ದಿನವೂ ಮುಟ್ಟಿ ನೋಡಿ ಬರೆದಿಡಿ. ಮಳೆಗಾಲದ ಮಲೆನಾಡಿನಲ್ಲಿ ತಟ್ಟೆಯದು ಬೇಗ ಅಂಟಂಟಾದೀತು, ಬೇಸಿಗೆಯ ವಿಜಯಪುರದಲ್ಲಿ ಬಹಳ ದಿನ ಹಿಡಿದೀತು. ಅಂಟಾದ ಮೇಲೆ ಮೈ ಮಬ್ಬಾಗಿ ಒರಟಾದರೆ ಭೂತಗನ್ನಡಿ ಹಿಡಿದು ನೋಡಿ. ಗಾಳಿಯ ತೇವ ಸಿಕ್ಕಿ ಅಣುಗಳಿಗೆ ಮತ್ತೆ ಓಡಾಡಲು ಬಂದಿದೆ, ಅವು ಸಾಲು ಕಟ್ಟತೊಡಗಿವೆ.