ಚೆಂಡು ತರಲೊಲ್ಲದ ನಾಯಿ

ಬಸವಾದಿ ಪ್ರಮಥರು ಬೋಧಿಸಿದ ದಯೆಯು ಸಕಲ ಜೀವಿಗಳಿಗೂ ಸಲ್ಲತಕ್ಕದ್ದೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಸಾಕಿದ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಅನ್ನವಿಕ್ಕಿದ ಮಾತ್ರಕ್ಕೆ ದಯೆಯು ಪೂರ್ಣವಾಗಲಿಲ್ಲ. ಅದರ ಸ್ವಭಾವವನ್ನು ಅರಿತು ನಡೆಸಿಕೊಳ್ಳುವುದೂ ದಯೆಯೇ. ಈ ಮಾತನ್ನು ನಮಗೆ ಮನಗಾಣಿಸಿದ್ದು ಪಂಜದ ಒಂದು ಮನೆಯ ಅಂಗಳ.

ಎರಡು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಉಪನ್ಯಾಸವೊಂದನ್ನು ಮುಗಿಸಿಕೊಂಡು ಸುಳ್ಯ ತಾಲೂಕಿನ ಪಂಜಕ್ಕೆ ಹೋಗಿದ್ದೆವು. ಪಂಚಲಿಂಗೇಶ್ವರನ ಸನ್ನಿಧಿಯಿಂದ ಹೆಸರಾದ ಊರದು. ಸುತ್ತಲೂ ಅಡಕೆಯ ತೋಟ, ಗುಡ್ಡ, ಹಳ್ಳ. ಅಲ್ಲಿ ಮುಧೋಳದ ಕಡೆಯಿಂದ ಶಿಕ್ಷಕ ವೃತ್ತಿಗೆಂದು ಬಂದ ಶರಣ ಕುಟುಂಬವೊಂದರ ಆತಿಥ್ಯದಲ್ಲಿ ಮೂರು ದಿನ ಇದ್ದೆವು. ಊರಿನಿಂದ ಬರುವಾಗ ಅವರು ಜೋಳದ ಹಿಟ್ಟಿನೊಡನೆ ಒಂದು ಮುಧೋಳ ನಾಯಿಮರಿಯನ್ನೂ ತಂದಿದ್ದರು. ಅದಕ್ಕೆ ಆಗ ಎಂಟು ತಿಂಗಳು.

ಸಂಜೆ ಅವರ ಮಗ, ಹತ್ತು ವರ್ಷದ ಬಾಲಕ, ಅಂಗಳದಲ್ಲಿ ಚೆಂಡನ್ನು ಎಸೆದು "ತಗೊಂಡ್ ಬಾ" ಎನ್ನುತ್ತಿದ್ದ. ನಾಯಿಯು ಚೆಂಡು ಉರುಳುವವರೆಗೆ ನೋಡುತ್ತಿತ್ತು. ನಿಂತೊಡನೆ ಮುಖ ತಿರುಗಿಸಿ ಕುಳಿತುಕೊಳ್ಳುತ್ತಿತ್ತು. ಹತ್ತು ಸಲ ಹೀಗಾದ ಮೇಲೆ ಬಾಲಕನು ಗದರಿದ. ನಾಯಿ ಮಂಚದ ಕೆಳಗೆ ಸೇರಿತು. "ಅಜ್ಜಾರ, ಇದು ಹೆಡ್ಡ ನಾಯಿ ಐತ್ರಿ" ಎಂದು ನಮ್ಮ ಬಳಿ ಬಂದು ಕಣ್ಣೊರೆಸಿಕೊಂಡ. ಅವನ ತಾಯಿ ಮೆಲ್ಲಗೆ ಹೇಳಿದರು: "ಇಲ್ಲಿ ಇದಕ್ಕ ಹೊಂದಲಿಲ್ರಿ. ದೀಪಾವಳಿ ರಜಾದಾಗ ಊರಿಗೆ ಬಿಟ್ಟು ಬರ್ತೀನಿ ಅಂತಾರ ಇವರು." ಆ ಬಾಲಕನಿಗೆ ಪಂಜದಲ್ಲಿ ಇನ್ನೂ ಗೆಳೆಯರಿರಲಿಲ್ಲ. ನೆರೆಯ ಮಕ್ಕಳು ತುಳುವಿನಲ್ಲಿ ಕೂಗುತ್ತ ಆಡುವಾಗ ಇವನು ಬೇಲಿಯ ಬಳಿ ನಿಂತು ನೋಡುತ್ತಿದ್ದ. ನಾಯಿಯೂ ಹೋದರೆ ಅವನ ಜೊತೆಗೆ ಆಡುವವರೇ ಇರಲಿಲ್ಲ.

ಆ ನಾಯಿ ಹೆಡ್ಡನಲ್ಲವೆಂದು ನಾವು ಮೊದಲು ತಂದೆ-ಮಗನಿಗೆ ತಿಳಿಸಿ ಹೇಳಬೇಕಾಯಿತು. ಎಸೆದುದನ್ನು ಬಾಯಲ್ಲಿ ಹಿಡಿದು ತರುವುದು ಎಲ್ಲ ನಾಯಿಗಳ ಹುಟ್ಟುಗುಣವಲ್ಲ. ಲ್ಯಾಬ್ರಡಾರ್ ನಾಯಿಯ ಪೂರ್ವಜರು ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಬೆಸ್ತರ ಬಲೆಯನ್ನೂ ಜಾರಿದ ಮೀನನ್ನೂ ನೀರಿನಿಂದ ಎಳೆದು ತರುತ್ತಿದ್ದವು. ಮುಂದೆ ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕಿಗಳನ್ನು ತರುವುದಕ್ಕಾಗಿಯೇ ಆ ತಳಿಯನ್ನು ಬೆಳೆಸಿದರು. ಮುಧೋಳ ನಾಯಿಯ ಕಾಯಕವೇ ಬೇರೆ. ನೀಳ ಮುಖ, ಆಳವಾದ ಎದೆ, ಸಣ್ಣ ನಡು, ಉದ್ದ ಕಾಲುಗಳ ಈ ನಾಯಿಯು ಬಯಲಿನಲ್ಲಿ ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟಲೆಂದೇ ರೂಪುಗೊಂಡದ್ದು. ಅದಕ್ಕೆ ಓಡುವ ವಸ್ತುವಿನಲ್ಲಿ ಆಸಕ್ತಿ. ನಿಂತ ಚೆಂಡು ಅದರ ಪಾಲಿಗೆ ಕಲ್ಲಿಗೆ ಸಮಾನ. ಈ ತಳಿಗೆ ಬುದ್ಧಿಯ ಕೊರತೆಯೇನೂ ಇಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಭಾರತೀಯ ಸೇನೆಯು ಮುಧೋಳ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿ ನೀಡಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ನಮ್ಮ ವಿದ್ಯಾರ್ಥಿ ದೆಸೆಯಲ್ಲಿ ಮಠದ ದನಗಳನ್ನು ಕಾಯುತ್ತಿದ್ದ ಹಿರಿಯರೊಬ್ಬರು ಮರಿಗಳನ್ನು ಪಳಗಿಸುತ್ತಿದ್ದ ಬಗೆ ನಮಗೆ ನೆನಪಿತ್ತು. ಅದನ್ನೇ ಬಾಲಕನಿಗೆ ಹೇಳಿಕೊಟ್ಟೆವು.

ಮೊದಲ ದಿನ ಎಸೆಯುವುದೇ ಬೇಡವೆಂದೆವು. ಹಳೆಯ ಬಟ್ಟೆಯ ಚೆಂಡಿಗೆ ದಾರ ಕಟ್ಟಿ ನೆಲದ ಮೇಲೆ ಸರಸರನೆ ಎಳೆಯಿಸಿದೆವು. ಮಂಚದ ಕೆಳಗಿನಿಂದ ಮೊದಲು ಮೂಗು ಬಂದಿತು, ಆಮೇಲೆ ನಾಯಿಯೇ ಬಂದಿತು. ಅದು ಚೆಂಡಿಗೆ ಬಾಯಿ ಹಾಕಿದ ಕ್ಷಣವೇ "ಶಹಬ್ಬಾಸ್" ಎಂದು ಜೋಳದ ರೊಟ್ಟಿಯ ಒಂದು ಚೂರು. ಐದು ನಿಮಿಷವಾದೊಡನೆ, ನಾಯಿ ಇನ್ನೂ ಬೇಕೆನ್ನುತ್ತಿರುವಾಗಲೇ, ಚೆಂಡನ್ನು ಮೇಲೆತ್ತಿ ಇಡಿಸಿದೆವು. ಬೇಸರ ಬರುವವರೆಗೆ ಆಡಿಸಿದರೆ ಮರುದಿನ ಆಟದ ಹೆಸರೇ ಬೇಡವಾಗುತ್ತದೆ.

ಎರಡನೆಯ ದಿನ ಮನೆಯ ಉದ್ದನೆಯ ಪಡಸಾಲೆಯಲ್ಲಿ ಎರಡು ಮಾರಿನಷ್ಟು ದೂರಕ್ಕೆ ಮಾತ್ರ ಎಸೆತ. ಒಂದು ಕೊನೆ ಮುಚ್ಚಿದ್ದುದರಿಂದ ಚೆಂಡು ಹಿಡಿದ ನಾಯಿ ಬಾಲಕನತ್ತಲೇ ತಿರುಗಬೇಕು. ಅದು ಚೆಂಡಿನೊಡನೆ ದೂರ ನಿಂತರೆ ಬೆನ್ನಟ್ಟಬಾರದು. ಬೆನ್ನಟ್ಟಿದರೆ ಅದೇ ಒಂದು ಆಟವಾಗಿ ಇನ್ನೂ ದೂರ ಓಡುತ್ತದೆ. ನಾವೇ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಓಡಿದರೆ ನಾಯಿ ಹಿಂಬಾಲಿಸುತ್ತದೆ. ಬಾಯಿಂದ ಕಿತ್ತುಕೊಳ್ಳುವುದೂ ತಪ್ಪು. ಅಂಥದೇ ಇನ್ನೊಂದು ಚೆಂಡನ್ನು ತೋರಿಸಿದರೆ ಮೊದಲಿನದನ್ನು ತಾನಾಗಿ ಬಿಡುತ್ತದೆ. ಕೊಟ್ಟರೆ ಮತ್ತೊಂದು ಸಿಗುತ್ತದೆಂಬ ನಂಬಿಕೆ ಹುಟ್ಟುವುದೇ ಈ ವಿದ್ಯೆಯ ತಿರುಳು.

ಗೃಹಸ್ಥರು ಕೆಲವು ಎಚ್ಚರಗಳನ್ನು ಮರೆಯಬಾರದು. ಚೆಂಡು ಗಂಟಲಿಗೆ ಇಳಿಯದಷ್ಟು ದೊಡ್ಡದಿರಬೇಕು. ಕಲ್ಲು, ಸಿಬಿರೆದ್ದ ಕೋಲು, ಅಡಕೆಗಳನ್ನು ಎಸೆಯಬಾರದು. ಊಟವಾದ ಕೂಡಲೇ, ಉರಿಬಿಸಿಲಿನಲ್ಲಿ, ಪಾಚಿಗಟ್ಟಿದ ಅಂಗಳದಲ್ಲಿ ಓಡಿಸಬಾರದು. ಮಳೆಗಾಲದಲ್ಲಿ ತೋಟದಿಂದ ಬಂದ ನಾಯಿಯ ಬೆರಳ ಸಂದು, ಕಿವಿಗಳಲ್ಲಿ ಜಿಗಣೆ, ಉಣ್ಣೆಗಳನ್ನು ನೋಡಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟುಗಳು ನಾಯಿಗೆ ವಿಷವಾದುದರಿಂದ ಬಹುಮಾನವಾಗಿಯೂ ಕೊಡಕೂಡದು. ಮುಧೋಳದಂಥ ವೇಗದ ನಾಯಿಯನ್ನು ರಸ್ತೆಯ ಬಳಿ ಬಿಡಲೇಬಾರದು. ಮೊದಲು ಆಡುತ್ತಿದ್ದ ನಾಯಿ ಹಠಾತ್ತನೆ ಆಟ ಬಿಟ್ಟರೆ ಅದು ಸೋಮಾರಿತನವಲ್ಲ. ಹಲ್ಲಿನದೋ ಕಾಲಿನದೋ ನೋವಿರಬಹುದು. ಪಶುವೈದ್ಯರಿಗೆ ತೋರಿಸಬೇಕು.

ಮೂರನೆಯ ದಿನ ನಾವು ಹೊರಡುವಾಗ ನಾಯಿಯು ಚೆಂಡನ್ನು ಅರ್ಧ ದಾರಿಯವರೆಗೆ ತಂದು ಕೆಡವಿತು. ಬಾಲಕನು ನಮ್ಮ ಮುಖ ನೋಡಿದ. "ಉಳಿದರ್ಧ ದಾರಿ ನೀನು ಹೋಗಪ್ಪಾ" ಎಂದೆವು. ತಂದೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಆದರೆ ದೀಪಾವಳಿಗೆ ನಾಯಿ ಮುಧೋಳಕ್ಕೆ ಹೋಗಲಿಲ್ಲ.

ಹನ್ನೆರಡನೆಯ ಶತಮಾನದ ಶರಣ ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನು ಹೇಳಿಸಿದರೆಂಬ ಪವಾಡ ನಮ್ಮ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಯಾವ ಜೀವವನ್ನೂ ಕೀಳೆಂದು ಎಣಿಸಬಾರದೆಂಬುದು ಅದರ ತಾತ್ಪರ್ಯವೆಂದು ನಾವು ತಿಳಿದಿದ್ದೇವೆ. ನಮ್ಮಂಥ ಸಾಮಾನ್ಯರಿಗೆ ಪವಾಡ ಸಾಧ್ಯವಿಲ್ಲ, ತಾಳ್ಮೆ ಸಾಧ್ಯವಿದೆ. ಎಷ್ಟು ತಾಳ್ಮೆಯಿಂದ ಕಲಿಸಿದರೂ ಕೆಲವು ನಾಯಿಗಳು ಚೆಂಡನ್ನು ತರುವುದೇ ಇಲ್ಲ. ಅಂಥವಕ್ಕೆ ಬಚ್ಚಿಟ್ಟ ರೊಟ್ಟಿಯನ್ನು ಹುಡುಕುವ ಆಟವಿರಲಿ, ಜೊತೆಯಲ್ಲಿ ಓಡುವ ಆಟವಿರಲಿ. ಆಟವೆಂಬುದು ಇಬ್ಬರಿಗೂ ಸಂತೋಷವಾದಾಗ ಮಾತ್ರ ಆಟ. ಒಬ್ಬರಿಗೇ ಆದರೆ ಅದು ದುಡಿಮೆ.

ಕಳೆದ ಯುಗಾದಿಗೆ ಆ ತಾಯಿ ದೂರವಾಣಿಯಲ್ಲಿ ಮಾತನಾಡಿದರು. ಉದ್ದ ಕಾಲಿನ ನಾಯಿಯ ಓಟ ನೋಡಲು ನೆರೆಯ ಮಕ್ಕಳು ಬೇಲಿ ದಾಟಿ ಬಂದರಂತೆ. ಈಗ ದಿನವೂ ಬರುತ್ತಾರಂತೆ. ನಾಯಿಯು ಇಂದಿಗೂ ಒಮ್ಮೊಮ್ಮೆ ಚೆಂಡನ್ನು ಅರ್ಧ ದಾರಿಯಲ್ಲೇ ಬಿಡುತ್ತದೆ. ಆದರೆ ತುಳುವಿನಲ್ಲಿ "ಬಲ" ಎಂದರೂ ಬರುತ್ತದೆ, ನಮ್ಮ ಭಾಷೆಯಲ್ಲಿ "ಬಾ" ಎಂದರೂ ಬರುತ್ತದೆ. ಬಾಲಕನಿಗೂ ಈಗ ಎರಡೂ ಬರುತ್ತವೆಯಂತೆ.