ಬೆಣ್ಣೆಹಣ್ಣು: ಬೀಜದ ಗಿಡ ತಾಯಿಯಂತಿರದು

ನಂಜನಗೂಡು ರಸಬಾಳೆ ಕಂದಿನಿಂದ ಬೆಳೆಯುವುದರಿಂದ ತಾಯಿಗುಣ ಉಳಿಸಿಕೊಳ್ಳುತ್ತದೆ. ಬೆಣ್ಣೆಹಣ್ಣಿನ ಬೀಜಕ್ಕೆ ಆ ಭರವಸೆಯಿಲ್ಲ. ಇದರ ಹೂವು ಎರಡು ಬಾರಿ ಅರಳುತ್ತದೆ, ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ. ಹಾಗಾಗಿ ಬೇರೆ ಮರದ ಪರಾಗ ಸೇರಿ ಸಸಿಯ ಗುಣ ಬೆರಕೆಯಾಗುತ್ತದೆ. 1935ರಲ್ಲಿ ಪೇಟೆಂಟ್ ಪಡೆದ, ಜಗತ್ಪ್ರಸಿದ್ಧ ಹಾಸ್ ತಳಿ ಬೀಜದಿಂದಲೇ ಹುಟ್ಟಿತಲ್ಲ ಎನ್ನಬಹುದು. ನಿಜ, ಆದರೆ ಅದು ಲೋಕಕ್ಕೆಲ್ಲ ಹರಡಿದ್ದು ಕಸಿಯಿಂದ.

ಹಾಗೆಂದು ನಂಜನಗೂಡು ಬಳಿಯ ಹುಲ್ಲಹಳ್ಳಿಯ ಹಿತ್ತಿಲಲ್ಲಿ ಬೀಜ ಎಸೆಯಬೇಕಿಲ್ಲ. ಒಣಗಿದರೆ ಮೊಳೆಯದು, ಹಣ್ಣು ತಿಂದ ಕೂಡಲೇ ಚೂಪು ತುದಿ ಮೇಲಾಗಿ ನೆಡಿ. ಸಸಿ ಪೆನ್ಸಿಲ್ ದಪ್ಪವಾದಾಗ ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಕೇಂದ್ರದ ಅರ್ಕಾ ಸುಪ್ರೀಂನಂಥ ತಳಿಯ ಕಡ್ಡಿ ತಂದು ಕಸಿ ಕಟ್ಟಿಸಿ. ನಾಲೆ ಬಯಲಿನ ನೀರು ನಿಲ್ಲುವ ಗದ್ದೆ ಮಾತ್ರ ಬೇಡವೇ ಬೇಡ, ಬೇರು ಕೊಳೆಯುತ್ತದೆ.