ಪೊಟ್ಯಾಸಿಯಂ 5.9: ಮೈಯದೋ, ಟ್ಯೂಬಿನದೋ?

ಶುಗರ್ ರಿಪೋರ್ಟ್ ಕೈಗೆ ಬಂದರೆ ಕಣ್ಣು ಹೋಗುವುದು ಎರಡೇ ಕಡೆ: ಬರಿಹೊಟ್ಟೆಯ ಸಕ್ಕರೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು. ದೇಂಕಣಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಬೆಳಿಗ್ಗೆ ರಕ್ತ ಕೊಟ್ಟಿದ್ದಾರೆ, ಸಂಜೆ ಹೊಸೂರಿನ ಲ್ಯಾಬಿನಿಂದ ಮೊಬೈಲಿಗೆ ರಿಪೋರ್ಟ್ ಬಂದಿದೆ, ಅವೆರಡೂ ಪರವಾಗಿಲ್ಲ ಎನ್ನುವಂತಿವೆ ಎಂದುಕೊಳ್ಳಿ. ಕೆಳಗೆ, ಯಾರೂ ಲೆಕ್ಕಕ್ಕಿಟ್ಟಿರದ ಸಾಲಿನಲ್ಲಿ, ದಪ್ಪಕ್ಷರದಲ್ಲಿ ಪೊಟ್ಯಾಸಿಯಂ 5.9. ಇರಬೇಕಾದದ್ದು ಸುಮಾರು 3.5ರಿಂದ 5.1. ಮನೆಯ ಹುಡುಗ ಮೊಬೈಲಿನಲ್ಲಿ ಹುಡುಕುತ್ತಾನೆ. ಹೃದಯವೇ ನಿಲ್ಲಬಹುದು ಎಂದು ಓದುತ್ತಾನೆ. ಅವತ್ತು ರಾತ್ರಿ ಆ ಮನೆಯಲ್ಲಿ ನಿದ್ದೆಯಿಲ್ಲ.

ಹುಡುಗ ಓದಿದ್ದು ಸುಳ್ಳಲ್ಲ. ಆದರೆ ಯಂತ್ರ ಅಳೆದದ್ದು ಟ್ಯೂಬಿನಲ್ಲಿದ್ದ ಪೊಟ್ಯಾಸಿಯಂ. ಬೆಳಿಗ್ಗೆ ನರದಲ್ಲಿದ್ದಾಗಲೂ ಅಷ್ಟೇ ಇತ್ತೇ ಎಂಬುದು ಬೇರೆ ಪ್ರಶ್ನೆ.

ಈ ಭಾಗದ ರೈತರಿಗೆ ಪೊಟ್ಯಾಸಿಯಂ ಹೊಸಬನೇನಲ್ಲ. ಹೊಸೂರಿನ ಗುಲಾಬಿಗೂ ರಾಯಕೋಟೆಯ ಟೊಮೇಟೊಗೂ ಹಾಕುವ ಪೊಟ್ಯಾಶ್ ಇದೇ; ಕಾಂಪ್ಲೆಕ್ಸ್ ಗೊಬ್ಬರದ ಮೂಟೆಯ ಮೇಲಿನ ಮೂರು ಅಂಕಿಗಳಲ್ಲಿ ಕೊನೆಯದು ಇದರದು. ನಮ್ಮ ಮೈಯಲ್ಲಿ ಇದು ಸುಮಾರು 140 ಗ್ರಾಂ ಇದೆ. ಅದರಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಹೊರಗೆ, ರಕ್ತದ ದ್ರವದಲ್ಲಿ ಇರುವುದು ಚೂರು. ಕೋಶದ ಒಳಗಿನ ಸಾಂದ್ರತೆ ಹೊರಗಿನದರ ಮೂವತ್ತು ಪಟ್ಟಿಗೂ ಹೆಚ್ಚು. ಕೆರೆ ಒಳಗೆ, ತೊಟ್ಟಿ ಹೊರಗೆ. ನಾವು ಅಳೆಯುವುದು ತೊಟ್ಟಿಯನ್ನು.

ಒಳಗಿನದು ಹೊರಗೆ ಹರಿದುಬಿಡದಂತೆ ಪ್ರತಿ ಕೋಶದ ಗೋಡೆಯಲ್ಲೂ ಒಂದು ಪಂಪು ಕೆಲಸ ಮಾಡುತ್ತಿರುತ್ತದೆ. ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವುದು ಅದರ ಕಸುಬು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ಏಡಿಯ ನರಗಳಲ್ಲಿ ಪತ್ತೆ ಮಾಡಿ, ನಲವತ್ತು ವರ್ಷ ಕಾದು, 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಪಂಪು ನಡೆಯಲು ಶಕ್ತಿ ಬೇಕು. ಕೆಂಪು ರಕ್ತಕಣಕ್ಕೆ ಆ ಶಕ್ತಿ ಸಿಗುವುದು ಗ್ಲೂಕೋಸಿನಿಂದ.

ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಿರುತ್ತವೆ. ದ್ರವವನ್ನು ಕಣಗಳಿಂದ ಬೇಗ ಬೇರ್ಪಡಿಸದೆ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಸಕ್ಕರೆ ಇಳಿಯುತ್ತದೆ. ಮೇವು ಮುಗಿದಾಗ ಪಂಪು ನಿಂತು ಪೊಟ್ಯಾಸಿಯಂ ಸೋರತೊಡಗುತ್ತದೆ. ಹಾಗಾದರೆ ಫ್ರಿಜ್ಜಿನಲ್ಲಿಟ್ಟರೆ ಸರಿಹೋಯಿತಲ್ಲ ಎನಿಸುತ್ತದೆ. ಇಲ್ಲ. ತಣ್ಣಗಾದರೆ ಪಂಪು ಇನ್ನೂ ಬೇಗ ಸುಸ್ತಾಗುತ್ತದೆ. ಸಕ್ಕರೆ ಉಳಿಯುತ್ತದೆ, ಪೊಟ್ಯಾಸಿಯಂ ಸೋರುತ್ತದೆ. ಇಂಗ್ಲೆಂಡಿನಲ್ಲಿ ದೂರದ ಕ್ಲಿನಿಕ್ಕುಗಳಿಂದ ಬರುವ ರಕ್ತದಲ್ಲಿ ಚಳಿಗಾಲದ ಪೊಟ್ಯಾಸಿಯಂ ಬೇಸಿಗೆಯದಕ್ಕಿಂತ ಏರುವುದನ್ನು ಲ್ಯಾಬಿನವರು ಗುರುತಿಸಿದ್ದಾರೆ. ನಮ್ಮ ತಳಿ ಊರಿನ ಚಳಿಯ ಜನವರಿ ಬೆಳಗುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಚೆಟ್ಟಿಯ ಘಾಟಿ ಇಳಿದು ಹತ್ತಿ, ಕೆಲವೊಮ್ಮೆ ಅತ್ತಿಬೆಲೆಯ ಟ್ರಾಫಿಕ್ಕಿನಲ್ಲೂ ನಿಂತು ಬೆಂಗಳೂರಿನ ಲ್ಯಾಬ್ ಸೇರುವ ಟ್ಯೂಬಿಗೆ ಏನೇನಾಗಿರಬಹುದು, ಯೋಚಿಸಿ.

ರಕ್ತ ತೆಗೆಯುವ ಗಳಿಗೆಯಲ್ಲೂ ಎಡವಟ್ಟು ಆಗುತ್ತದೆ. ನರ ಸಿಗಲಿಲ್ಲವೆಂದು ಪಟ್ಟಿ ಬಿಗಿದು 'ಮುಷ್ಟಿ ಬಿಗಿ ಹಿಡಿದು ಬಿಡಿ, ಬಿಗಿ ಹಿಡಿದು ಬಿಡಿ' ಎನ್ನುತ್ತಾರಲ್ಲ, ಆಗ ತೋಳಿನ ಸ್ನಾಯು ಪೊಟ್ಯಾಸಿಯಂ ಬಿಡುತ್ತದೆ. ಇದೊಂದರಿಂದಲೇ ಅಂಕಿ ಒಂದಕ್ಕಿಂತ ಹೆಚ್ಚು ಏರಿದ ಉದಾಹರಣೆಗಳಿವೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕಣಗಳು ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ತಿಳಿಹಳದಿ ಇರಬೇಕಾದ ದ್ರವ ಕೆಂಪಾಗುತ್ತದೆ, ಲ್ಯಾಬಿನವರು ಅದನ್ನು ಕಣ್ಣಲ್ಲೇ ಹಿಡಿಯುತ್ತಾರೆ. ಚಳಿಯಲ್ಲಿ ಸೋರಿದ್ದು ಹಾಗೆ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮುಚ್ಚಳದ ಬಣ್ಣದ ವಿಚಾರ. ಮೂರು ತಿಂಗಳ ಸರಾಸರಿಗೆ ರಕ್ತ ತುಂಬುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇಡಿಟಿಎ ಎಂಬ ಪುಡಿ ಇರುತ್ತದೆ. ಅದು ಪೊಟ್ಯಾಸಿಯಂ ಲವಣ. ಸಕ್ಕರೆ ಅಳೆಯುವ ಬೂದು ಮುಚ್ಚಳದ ಟ್ಯೂಬಿನಲ್ಲೂ ಫ್ಲೋರೈಡ್ ಜೊತೆಗೆ ಬಹಳ ಸಲ ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತದೆ. ಅಂದರೆ ಶುಗರ್ ರೋಗಿಯ ತೋಳಿನ ಪಕ್ಕದಲ್ಲೇ ಪೊಟ್ಯಾಸಿಯಂ ತುಂಬಿದ ಟ್ಯೂಬುಗಳು ನಿಂತಿರುತ್ತವೆ. ಮೊದಲು ನೇರಳೆ ತುಂಬಿ ಆಮೇಲೆ ಉಳಿದದ್ದಕ್ಕೆ ಹೋದರೆ, ಅಥವಾ ಸಾಲದೆಂದು ಒಂದರದ್ದನ್ನು ಇನ್ನೊಂದಕ್ಕೆ ಸುರಿದರೆ, ಅಂಕಿ ಎಂಟೋ ಹತ್ತೋ ಆಗಬಹುದು. ಇದಕ್ಕೊಂದು ಗುರುತಿದೆ: ಇಡಿಟಿಎ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಪೊಟ್ಯಾಸಿಯಂ ಮುಗಿಲಿಗೆ, ಕ್ಯಾಲ್ಸಿಯಂ ಪಾತಾಳಕ್ಕೆ, ಮನುಷ್ಯ ಮಾತ್ರ ನಡೆದುಕೊಂಡು ಬಂದು ಕೂತಿದ್ದಾನೆ ಎಂದರೆ ಡಾಕ್ಟರ ಅನುಮಾನ ಮೊದಲು ಟ್ಯೂಬಿನ ಮೇಲೆ.

ಇಷ್ಟು ಓದಿ 'ಓ, ಲ್ಯಾಬಿನ ತಪ್ಪು' ಎಂದು ರಿಪೋರ್ಟ್ ಮಡಚಿಡಬೇಡಿ. ಶುಗರ್ ಇರುವವರಲ್ಲಿ ನಿಜವಾಗಿಯೂ ಪೊಟ್ಯಾಸಿಯಂ ಏರಲು ಕಾರಣಗಳು ಬೇಕಾದಷ್ಟಿವೆ. ತಿಂದದ್ದರಲ್ಲಿ ಹೆಚ್ಚಾದುದನ್ನು ಹೊರಹಾಕುವುದು ಮುಖ್ಯವಾಗಿ ಕಿಡ್ನಿ. ಹಳೆಯ ಸಕ್ಕರೆ ಕಾಯಿಲೆ ಅದನ್ನೇ ಸವೆಸುತ್ತದೆ. ಕಿಡ್ನಿಗೆ 'ಪೊಟ್ಯಾಸಿಯಂ ಬಿಡು' ಎಂದು ಹೇಳುವ ಆಲ್ಡೋಸ್ಟೆರೋನ್ ಹಾರ್ಮೋನು ಕೆಲವರಲ್ಲಿ ಕಿಡ್ನಿ ಪೂರ್ತಿ ಕೆಡುವ ಮೊದಲೇ ಕುಗ್ಗುತ್ತದೆ. ಇನ್ಸುಲಿನ್ ಬರೀ ಸಕ್ಕರೆಯನ್ನಲ್ಲ, ಪೊಟ್ಯಾಸಿಯಂ ಅನ್ನೂ ಕೋಶದೊಳಕ್ಕೆ ತಳ್ಳುತ್ತದೆ. ಅದು ಸಾಲದಾದಾಗ ಪೊಟ್ಯಾಸಿಯಂ ಹೊರಗೇ ಉಳಿಯುತ್ತದೆ.

ಇವುಗಳ ಮೇಲೆ ಮಾತ್ರೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. (ಕನ್ನಡದ ಕಿವಿಗೆ ಮಕ್ಕಳ ಔಷಧಿ ಎಂದು ಕೇಳಿಸುತ್ತದೆ, ತಮಿಳಿನ 'ಮಕ್ಕಳ್' ಎಂದರೆ ಜನ.) ಬಿಪಿ, ಶುಗರ್ ಮಾತ್ರೆ ಮನೆ ಬಾಗಿಲಿಗೇ ಬರುವುದು ದೊಡ್ಡ ಅನುಕೂಲ. ಎರಡೂ ಇರುವವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವ ಎನಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್‌ಗಳು ಕಿಡ್ನಿಯನ್ನು ಕಾಯುತ್ತವೆ, ಜೊತೆಗೆ ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುತ್ತವೆ. ಹಾಗೆಂದು ನೀವಾಗಿ ನಿಲ್ಲಿಸಬೇಡಿ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ಸೇರಿಕೊಂಡರೆ ಏರಿಕೆ ಜಾಸ್ತಿಯಾಗಬಹುದು. ಡಾಕ್ಟರಿಗೆ ಹೇಳದೆ ಉಳಿಯುವುದು ಹೆಚ್ಚಾಗಿ ಅದೇ.

ಊಟದ ಮಾತಿಗೆ ಬಂದರೆ, ಕಿಡ್ನಿ ಗಟ್ಟಿ ಇರುವವರು ಎಳನೀರಿಗೋ ಬಾಳೆಹಣ್ಣಿಗೋ ಪೊಟ್ಯಾಸಿಯಂ ಕಾರಣಕ್ಕೆ ಹೆದರಬೇಕಿಲ್ಲ. ಕಿಡ್ನಿ ಸೋತವರಿಗೆ ಮಾತ್ರ ಲೆಕ್ಕ ಬೇಕು. ಸೊಪ್ಪು, ಕಾಳು ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ನೀರಿಗೆ ಹೋಗುತ್ತದೆ, ಆದ್ದರಿಂದ ಆ ನೀರು ಚೆಲ್ಲಿ ಎನ್ನುತ್ತಾರೆ ಆಹಾರ ತಜ್ಞರು. ಮುದ್ದೆ ಉಣ್ಣುವ ನಾವೋ, ಪಲ್ಯ ಬದಿಗಿಟ್ಟು ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತೇವೆ! ಕಿಡ್ನಿ ಸೋತವರು ಬಸ್ಸಾರಿನ ವಿಚಾರವನ್ನು ಡಾಕ್ಟರ ಕಿವಿಗೆ ಹಾಕಿರಬೇಕು. ಇನ್ನೊಂದು, ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಬೆರೆಸುವ ಪೊಟ್ಯಾಸಿಯಂ ಕ್ಲೋರೈಡ್, ರಾಸಾಯನಿಕವಾಗಿ ಹೊಲಕ್ಕೆ ಹಾಕುವ ಪೊಟ್ಯಾಶೇ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪನ್ನು ದೊಡ್ಡವರಿಗೆ ಸೂಚಿಸಿತು; ಗರ್ಭಿಣಿಯರನ್ನು, ಕಿಡ್ನಿ ತೊಂದರೆ ಇರುವವರನ್ನು, ಪೊಟ್ಯಾಸಿಯಂ ಹೊರಹೋಗಲು ಅಡ್ಡಿಯಾಗುವ ಬೇರೆ ತೊಂದರೆ ಇರುವವರನ್ನು ಹೊರಗಿಟ್ಟಿತು.

5.9 ಬಂದವರು ಮಾಡಬೇಕಾದದ್ದು ಹೆಚ್ಚೇನಿಲ್ಲ: ತಡಮಾಡದೆ ಡಾಕ್ಟರಿಗೆ ತೋರಿಸಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ ಕೇಳಿ, ಇಸಿಜಿ ಮಾಡಿಸಿ, ಪೊಟ್ಯಾಸಿಯಂ ಇನ್ನೊಮ್ಮೆ ನೋಡಿಸಿ. ಆರು ದಾಟಿದ್ದರೆ ಅವತ್ತೇ ಹೋಗಬೇಕು. ಆರೂವರೆ ದಾಟಿದ್ದರೆ, ಇಲ್ಲವೇ ಕೈಕಾಲು ಸೋಲು, ಎದೆಬಡಿತದಲ್ಲಿ ಏರುಪೇರು, ತಲೆಸುತ್ತು ಇದ್ದರೆ ಟ್ಯೂಬಿನ ಅನುಮಾನ ಆಮೇಲಿರಲಿ, ಮೊದಲು ಆಸ್ಪತ್ರೆ. ಏನೂ ಅನಿಸುತ್ತಿಲ್ಲ ಎಂಬುದು ಇಲ್ಲಿ ಧೈರ್ಯಕ್ಕೆ ಆಧಾರವಲ್ಲ. ಎಷ್ಟೋ ಸಲ ಪೊಟ್ಯಾಸಿಯಂ ಸದ್ದಿಲ್ಲದೆ ಏರುತ್ತದೆ.

ಎರಡನೇ ಸಲದ ರಕ್ತವನ್ನು ಆದಷ್ಟು ಲ್ಯಾಬಿಗೇ ಹೋಗಿ ಕೊಡಿ. ನುಂಗುವ ಮಾತ್ರೆಗಳನ್ನೆಲ್ಲ, ನೋವಿನ ಮಾತ್ರೆಯನ್ನೂ ಸೇರಿಸಿ, ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮುಂದಿಡಿ. ಸೂಜಿ ಚುಚ್ಚುವಾಗ ಮುಷ್ಟಿ ಸಡಿಲವಾಗಿರಲಿ.